ನಾದವನ್ನು ನಿಲ್ಲಿಸುವ ಕೈ

'ಮಾತು ಬೆಳ್ಳಿ, ಮೌನ ಬಂಗಾರ' ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ನೆನಪಿಸುವುದು ಮಾತು ಮಿತಿಮೀರಿದಾಗ. ಬಾಯಿ ಮುಚ್ಚಿದರೆ ಮೌನ ತಾನಾಗಿ ದೊರಕುತ್ತದೆ ಎಂದೇ ನಾವು ಭಾವಿಸಿರುತ್ತೇವೆ. ಆದರೆ ಮೌನವನ್ನೂ ದುಡಿದು ಗಳಿಸಬೇಕಾದ ಎಡೆಗಳಿವೆ. ಕೆಲವು ವಾದ್ಯಗಳಲ್ಲಿ ನಾದವನ್ನು ಹೊರಡಿಸುವುದಕ್ಕಿಂತ, ಹೊರಟ ನಾದವನ್ನು ತಕ್ಕ ಗಳಿಗೆಯಲ್ಲಿ ನಿಲ್ಲಿಸುವುದಕ್ಕೆ ಹೆಚ್ಚಿನ ಸಾಧನೆ ಬೇಕಾಗುತ್ತದೆ. ಅಮೆರಿಕದ ಪೆಡಲ್ ಸ್ಟೀಲ್ ಗಿಟಾರ್ ಅಂಥ ವಾದ್ಯಗಳಲ್ಲೊಂದು.

ಈ ವಾದ್ಯದ ಹೆಸರು ಕೇಳಿದೊಡನೆ ಅಲ್ಲಿನ ಜನರಿಗೆ ನೆನಪಾಗುವುದು 'ಕಂಟ್ರಿ' ಎಂದು ಕರೆಯಲ್ಪಡುವ ಗ್ರಾಮೀಣ ಗೀತೆಗಳು: ಅಗಲಿಕೆ, ಮುರಿದ ಮನೆ, ದೂರದ ಊರು, ತಡರಾತ್ರಿಯ ಪಶ್ಚಾತ್ತಾಪ. ಆ ಗೀತೆಗಳ ಹಿಂದೆ ನಿಂತು ಬಿಕ್ಕುವ ದನಿಯೇ ಈ ಗಿಟಾರಿನದು. ಇಂಥ ವಾದ್ಯವನ್ನು ಕೈಗೆತ್ತಿಕೊಂಡು, ಚುರುಕು ಬುದ್ಧಿಯನ್ನೂ ಕ್ಷಣಕ್ಷಣದ ಮನೋಧರ್ಮವನ್ನೂ ಬೇಡುವ ಜಾಝ್ ಸಂಗೀತದ ಅಂಗಳಕ್ಕೆ ಕಾಲಿಟ್ಟ ಕಲಾವಿದರಲ್ಲಿ ಬಡಿ ಎಮನ್ಸ್ ಅವರದು ದೊಡ್ಡ ಹೆಸರು. 1963ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಧ್ವನಿಮುದ್ರಣಗೊಂಡು ಮರ್ಕ್ಯುರಿ ಸಂಸ್ಥೆಯಿಂದ ಹೊರಬಂದ ಅವರ 'ಸ್ಟೀಲ್ ಗಿಟಾರ್ ಜಾಝ್' ಎಂಬ ಮುದ್ರಿಕೆಯನ್ನು ಮುಂದಿಟ್ಟುಕೊಂಡು, ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಿಸಬಹುದು. ಅಳುವುದಕ್ಕೆಂದೇ ಹುಟ್ಟಿದ್ದು ಎಂದು ಲೋಕ ತೀರ್ಮಾನಿಸಿದ ದನಿಗೆ ಬೇರೊಂದನ್ನು ನುಡಿಯಲು ಸಾಧ್ಯವೇ? ಸಾಧ್ಯವಾದರೆ, ಅದಕ್ಕಾಗಿ ಅದು ತನ್ನ ಅಳುವನ್ನೇ ಬಿಟ್ಟುಕೊಡಬೇಕೇ?

ಮಗ್ಗದ ಮುಂದೆ ಕುಳಿತಂತೆ

ವಾದ್ಯದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ನಮ್ಮ ಆಲಯಗಳ ಗಾನವೃಂದದಲ್ಲಿ ಯುವಕರು ಎದೆಗೊತ್ತಿ ನುಡಿಸುವ ಗಿಟಾರಿಗೂ ಇದಕ್ಕೂ ಹೋಲಿಕೆ ಕಡಿಮೆ. ಪೆಡಲ್ ಸ್ಟೀಲ್ ಗಿಟಾರ್ ಕಾಲುಗಳ ಮೇಲೆ ನಿಂತ ಉದ್ದನೆಯ ಪೀಠದಂತಿರುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಹತ್ತು ತಂತಿಗಳ ಒಂದು ಸಾಲು, ಕೆಲವು ವಾದ್ಯಗಳಲ್ಲಿ ಬೇರೆ ಬೇರೆ ಶ್ರುತಿಯ ಎರಡು ಸಾಲುಗಳು ಇರುತ್ತವೆ. ತಂತಿಗಳ ಕೆಳಗೆ ಮೆಟ್ಟುಗಳ ಗುರುತುಗಳೇನೋ ಇವೆ. ಆದರೆ ಅವು ಕಣ್ಣಿನ ಆಧಾರಕ್ಕೆ ಮಾತ್ರ. ವಾದಕನು ಎಡಗೈಯಲ್ಲಿ ನಯವಾದ ಉಕ್ಕಿನ ಸಲಾಕೆಯನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತಾನೆ. ಬಲಗೈ ಹೆಬ್ಬೆರಳಿಗೂ ಎರಡು ಬೆರಳುಗಳಿಗೂ ತೊಟ್ಟ ಗಟ್ಟಿ ಉಗುರುಗಳಿಂದ ತಂತಿಯನ್ನು ಮೀಟುತ್ತಾನೆ. ಪಾದಗಳ ಬಳಿ ಪೆಡಲುಗಳು, ಮೊಣಕಾಲುಗಳ ಇಕ್ಕೆಲಗಳಲ್ಲಿ ಸನ್ನೆಗಳು. ಬಲಗಾಲು ಸದಾ ಇನ್ನೊಂದು ಪೆಡಲಿನ ಮೇಲಿದ್ದು ನಾದದ ಏರಿಳಿತವನ್ನು ನೋಡಿಕೊಳ್ಳುತ್ತದೆ. ಕೈಮಗ್ಗದ ಮುಂದೆ ಕುಳಿತ ನೇಕಾರನ ಕೈಕಾಲುಗಳೆಲ್ಲವೂ ಒಂದೇ ಬಟ್ಟೆಗಾಗಿ ದುಡಿಯುವಂತೆ, ಇಲ್ಲಿ ವಾದಕನ ಸರ್ವಾಂಗವೂ ಒಂದು ರಾಗದ ಎಳೆಗಾಗಿ ದುಡಿಯುತ್ತದೆ.

ಪೆಡಲುಗಳ ಅಗತ್ಯವೇನು? ಸಾಮಾನ್ಯ ಗಿಟಾರಿನಲ್ಲಿ ಒಂದು ಕಾರ್ಡನ್ನು, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪನ್ನು, ನುಡಿಸಲು ನಾಲ್ಕು ಬೆರಳುಗಳು ನಾಲ್ಕು ಬೇರೆ ಬೇರೆ ಮೆಟ್ಟುಗಳ ಮೇಲೆ ಕೂರಬಹುದು. ಸಲಾಕೆಯಾದರೋ ನೇರವಾದ ವಸ್ತು. ಹೆಚ್ಚೆಂದರೆ ತುಸು ಓರೆಯಾಗಿ ಹಿಡಿಯಬಹುದು. ಆದ್ದರಿಂದ ಒಂದೇ ಗೆರೆಯ ಮೇಲೆ ಸಿಕ್ಕುವ ಸ್ವರಗಳು ಮಾತ್ರ ಅದಕ್ಕೆ ದಕ್ಕುತ್ತವೆ. ಪೆಡಲನ್ನು ಒತ್ತಿದಾಗ ಆಯ್ದ ಒಂದೆರಡು ತಂತಿಗಳ ಬಿಗಿ ಬದಲಾಗಿ ಅವುಗಳ ಶ್ರುತಿ ಏರುತ್ತದೆ ಅಥವಾ ಇಳಿಯುತ್ತದೆ. ಉಳಿದ ತಂತಿಗಳು ಇದ್ದಲ್ಲೇ ಇರುತ್ತವೆ. ಒಂದು ದನಿ ನಿಂತಿರುವಾಗಲೇ ಮತ್ತೊಂದು ದನಿ ಅದರ ಪಕ್ಕದಿಂದ ಮೆಲ್ಲನೆ ಎದ್ದು ಬರುವ, ಎದೆಯನ್ನು ಹಿಂಡುವ ಆ ಪರಿಣಾಮ ಹುಟ್ಟುವುದು ಹೀಗೆ.

ದ್ವೀಪದಿಂದ ಬಂದ ದನಿ

ಉಕ್ಕಿನಿಂದ ತಂತಿಯನ್ನು ಸವರುವ ಈ ವಿಧಾನ ಪ್ರಸಿದ್ಧಿಗೆ ಬಂದದ್ದು ಹವಾಯಿ ದ್ವೀಪಗಳಿಂದ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿನ ಜೋಸೆಫ್ ಕೆಕುಕು ಎಂಬ ಯುವಕ ಇದನ್ನು ರೂಪಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಸಂಗತಿ. ನಮ್ಮ ದೇಶಕ್ಕೂ ಈ ದನಿ ಅಪರಿಚಿತವಲ್ಲ. ಹವಾಯಿಯ ಕಲಾವಿದ ಟಾವ್ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ಇದನ್ನು ಕಲಿಸಿದರು. ಬ್ರಿಜಭೂಷಣ ಕಾಬ್ರಾ ಅವರು ಇದೇ ವಿಧಾನವನ್ನು ಹಿಂದೂಸ್ತಾನಿ ರಾಗಗಳಿಗೆ ಒಗ್ಗಿಸಿದರು. ಹಳೆಯ ಚಲನಚಿತ್ರಗೀತೆಗಳ ನಡುವೆ ತೇಲಿಬರುತ್ತಿದ್ದ ಹವಾಯಿಯನ್ ಗಿಟಾರಿನ ನೆನಪು ನಮ್ಮಲ್ಲಿ ಅನೇಕರಿಗೆ ಇದ್ದೀತು. ನಮ್ಮ ಗೋಟುವಾದ್ಯವೂ ಮೆಟ್ಟುಗಳಿಲ್ಲದ, ತಂತಿಯ ಮೇಲೆ ಜಾರಿಸಿ ನುಡಿಸುವ ವಾದ್ಯವೇ. ಕರ್ನಾಟಕ ಸಂಗೀತದಲ್ಲಿ 'ಜಾರು' ಎಂಬುದು ಗೌರವದ ಸ್ಥಾನ ಪಡೆದ ಗಮಕ. ಆದುದರಿಂದ ಸ್ವರದಿಂದ ಸ್ವರಕ್ಕೆ ಜಾರುವುದರ ಸೊಗಸನ್ನು ಕನ್ನಡದ ಕಿವಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಈ ವಾದ್ಯ ಬೇಗನೆ ಎರಡು ದಾರಿ ಹಿಡಿಯಿತು. ಟೆಕ್ಸಸ್ ಸೀಮೆಯ ನೃತ್ಯಮೇಳಗಳಲ್ಲಿ ಬಾಬ್ ಡನ್ 1935ರಲ್ಲೇ ವಿದ್ಯುತ್ ಸ್ಟೀಲ್ ಗಿಟಾರನ್ನು ಧ್ವನಿಮುದ್ರಿಸಿದರು. ಜಾಝ್ ಮೇಳದ ತುತ್ತೂರಿಗಳು ತುಂಡುತುಂಡಾಗಿ ನುಡಿಯುವ ಮಾತನ್ನು ಅವರು ತಂತಿಗೆ ತಂದರು. ಆಗಿನ್ನೂ ಕಂಟ್ರಿ ಗಿಟಾರಿನಲ್ಲಿ ಪೆಡಲುಗಳ ಬಳಕೆ ಬಂದಿರಲಿಲ್ಲ. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್ ಅವರ 'ಸ್ಲೋಲಿ' ಎಂಬ ಗೀತೆಯಲ್ಲಿ ಬಡ್ ಐಸಾಕ್ಸ್ ನಾದ ಮೊಳಗುತ್ತಿರುವಾಗಲೇ ಪೆಡಲನ್ನು ಒತ್ತಿ ಸ್ವರವನ್ನು ಬಾಗಿಸಿದರು. ಆ ಒಂದು ಗೀತೆಯ ನಂತರ ಕಂಟ್ರಿ ಸಂಗೀತದ ಸ್ಟೀಲ್ ವಾದಕರೆಲ್ಲರೂ ಪೆಡಲುಗಳ ಹಿಂದೆ ಬಿದ್ದರು; ಅಳುವ ದನಿಯೇ ವಾದ್ಯದ ಗುರುತಾಯಿತು. ಡನ್ ತೆರೆದಿದ್ದ ದಾರಿ ಹುಲ್ಲು ಬೆಳೆದು ಮುಚ್ಚಿಹೋಗುವುದರಲ್ಲಿತ್ತು.

ನಿಲ್ಲಿಸುವ ವಿದ್ಯೆ

ಆ ದಾರಿಯನ್ನು ಮತ್ತೆ ತುಳಿದ ಎಮನ್ಸ್ ಹುಟ್ಟಿದ್ದು 1937ರಲ್ಲಿ, ಇಂಡಿಯಾನಾ ರಾಜ್ಯದ ಮಿಶಾವಾಕ ಎಂಬ ಊರಿನಲ್ಲಿ. ಹನ್ನೊಂದನೆಯ ವಯಸ್ಸಿಗೆ ತೊಡೆಯ ಮೇಲಿಟ್ಟು ನುಡಿಸುವ ಆರು ತಂತಿಗಳ ಗಿಟಾರು ಕೈಗೆ ಬಂತು; ಹದಿನೆಂಟಕ್ಕೆ ಲಿಟಲ್ ಜಿಮ್ಮಿ ಡಿಕನ್ಸ್ ಎಂಬ ಪ್ರಸಿದ್ಧ ಗಾಯಕನ ಮೇಳದಲ್ಲಿ ಉದ್ಯೋಗ ದೊರಕಿತು. ಬಳಿಕ ಅರ್ನೆಸ್ಟ್ ಟಬ್, ರೇ ಪ್ರೈಸ್ ಮೊದಲಾದವರ ಜೊತೆ ನುಡಿಸಿದರು. ವಾದ್ಯ ತಯಾರಿಕೆಯಲ್ಲೂ ಕೈಯಾಡಿಸಿ, ಪೆಡಲುಗಳ ಕೆಲಸವನ್ನು ವಿಂಗಡಿಸಿದ್ದು, ತಂತಿಗಳನ್ನು ಹೆಚ್ಚಿಸಿದ್ದು ಮುಂತಾದ ಸುಧಾರಣೆಗಳನ್ನು ಮಾಡಿದರು. ಒಟ್ಟಿನಲ್ಲಿ, ಕಂಟ್ರಿ ಮನೆಯಲ್ಲೇ ಉಂಡು ಬೆಳೆದ ಮಗ. ಆದರೆ ಅವರ ಕಿವಿ ಬಹುಕಾಲದಿಂದ ಪಕ್ಕದ ಮನೆಯ ಜಾಝ್ ಸಂಗೀತದ ಕಡೆಗಿತ್ತು.

ಜಾಝ್ ವಾದಕನು ಗೊತ್ತಾದ ರಾಗವನ್ನು ಒಮ್ಮೆ ಹೇಳಿ ಮುಗಿಸಿ, ಅದರ ಕೆಳಗೆ ಸಾಗುವ ಕಾರ್ಡುಗಳ ಸರಣಿಯನ್ನು ಆಧಾರವಾಗಿಟ್ಟುಕೊಂಡು ತನ್ನದೇ ಮಾತನ್ನು ಆ ಕ್ಷಣದಲ್ಲಿ ಕಟ್ಟುತ್ತಾನೆ. 1940ರ ದಶಕದ ಬೀಬಾಪ್ ಶೈಲಿಯ ಅನಂತರ ಆ ಮಾತಿಗೆ ಅಪಾರ ವೇಗ ಬಂದಿತ್ತು. ಅಷ್ಟು ವೇಗದಲ್ಲೂ ಒಂದೊಂದು ಸ್ವರವೂ ಅಕ್ಕಿಯ ಕಾಳಿನಂತೆ ಬಿಡಿಬಿಡಿಯಾಗಿ ಬೀಳಬೇಕು. ಇಲ್ಲಿಯೇ ಸ್ಟೀಲ್ ಗಿಟಾರಿನ ಸಂಕಟ. ಅದರ ತಂತಿ ಒಮ್ಮೆ ಮೀಟಿದರೆ ಬಹಳ ಹೊತ್ತು ಮೊಳಗುತ್ತದೆ. ಸಲಾಕೆಯನ್ನು ಮುಂದಿನ ಸ್ವರಕ್ಕೆ ಸರಿಸಿದರೆ ಹಿಂದಿನ ಸ್ವರವೂ ನರಳುತ್ತಾ ಅದರೊಡನೆ ಹೊರಡುತ್ತದೆ. ಪಕ್ಕದ ತಂತಿಯನ್ನು ಮೀಟಿದರೆ ಮೊದಲನೆಯದು ನಿಲ್ಲದೆ ಎರಡೂ ಕಲಸಿಹೋಗುತ್ತವೆ. ಪಿಯಾನೋದಲ್ಲಿ ಬೆರಳೆತ್ತಿದರೆ ನಾದ ನಿಲ್ಲುತ್ತದೆ, ಸ್ಯಾಕ್ಸೊಫೋನಿನಲ್ಲಿ ಉಸಿರು ಹಿಡಿದರೆ ನಿಲ್ಲುತ್ತದೆ. ಇಲ್ಲಿ ತಾನಾಗಿ ನಿಲ್ಲುವುದು ಎಂಬುದೇ ಇಲ್ಲ.

ಆದ್ದರಿಂದ ವಾದಕನು ಪ್ರತಿಯೊಂದು ಸ್ವರವನ್ನೂ ಎರಡು ಬಾರಿ ಮುಟ್ಟಬೇಕಾಗುತ್ತದೆ: ಎಬ್ಬಿಸುವುದಕ್ಕೆ ಒಮ್ಮೆ, ಅಡಗಿಸುವುದಕ್ಕೆ ಇನ್ನೊಮ್ಮೆ. ಬಲ ಅಂಗೈಯ ಅಂಚನ್ನು ತಂತಿಗಳ ಮೇಲೆ ಮೆಲ್ಲನೆ ಇಳಿಸಿ ನಾದವನ್ನು ತಡೆಯುವುದು ಒಂದು ಕ್ರಮ. ಮೀಟಿದ ಬೆರಳೇ ಮರಳಿ ಬಂದು ಅದೇ ತಂತಿಯನ್ನು ಸುಮ್ಮನಾಗಿಸುವುದು ಇನ್ನೊಂದು. ಹೊಸದಾಗಿ ಕಲಿಯುವವರು ತಿಂಗಳುಗಟ್ಟಲೆ ಇದನ್ನೇ ಸಾಧಿಸುತ್ತಾರೆ. ಕೇಳುಗನಿಗಾದರೋ ಈ ದುಡಿಮೆ ಕಿವಿಗೆ ಬೀಳುವುದೇ ಇಲ್ಲ. ಬಿದ್ದರೆ ಅದು ತಪ್ಪಿದೆ ಎಂದೇ ಅರ್ಥ. ಸೆಕೆಂಡಿಗೆ ಹಲವು ಸ್ವರಗಳು ಧುಮುಕುವ ಜಾಝ್ ಓಟದಲ್ಲಿ ಅಷ್ಟೇ ಸಂಖ್ಯೆಯ ಸಣ್ಣ ಮೌನಗಳನ್ನೂ ಆ ಅಂಗೈ ನುಡಿಸಿರುತ್ತದೆ. 'ಸ್ಟೀಲ್ ಗಿಟಾರ್ ಜಾಝ್' ಕೇಳುವಾಗ ಮೊದಲು ಗಮನಿಸಬೇಕಾದದ್ದು ಈ ಕಾಣದ ಕೈಯನ್ನು.

ಇನ್ನೊಬ್ಬರ ಮನೆಯಲ್ಲಿ ಅತಿಥಿ

ಎಮನ್ಸ್ ಅವರೊಡನೆ ಅಂದು ನುಡಿಸಿದವರು ಸ್ಯಾಕ್ಸೊಫೋನಿನಲ್ಲಿ ಜೆರೋಮ್ ರಿಚರ್ಡ್‌ಸನ್, ಪಿಯಾನೋದಲ್ಲಿ ಬಾಬಿ ಸ್ಕಾಟ್, ಬಾಸ್‌ನಲ್ಲಿ ಆರ್ಟ್ ಡೇವಿಸ್, ಡ್ರಮ್ಸ್‌ನಲ್ಲಿ ಚಾರ್ಲಿ ಪರ್ಸಿಪ್. ಎಲ್ಲರೂ ಆ ವಿದ್ಯೆಯಲ್ಲಿ ನುರಿತವರು. ವರ್ಷ 1963 ಎಂಬುದನ್ನು ಮರೆಯಬಾರದು. ಕರಿಯ ಜನರ ಹಕ್ಕುಗಳಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಮೊದಲಾದವರ ಮುಂದಾಳುತನದಲ್ಲಿ ವಾಷಿಂಗ್ಟನ್ ನಗರದ ಮಹಾಮೆರವಣಿಗೆ ನಡೆದದ್ದು ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ. ಕಂಟ್ರಿ ಬಿಳಿಯರ ಸಂಗೀತವೆಂದೂ ಜಾಝ್ ಕರಿಯರ ಸಂಗೀತವೆಂದೂ ಅಂಗಡಿಗಳೂ ಜನರ ಮನಸ್ಸುಗಳೂ ಗೋಡೆ ಕಟ್ಟಿಕೊಂಡಿದ್ದ ಕಾಲವದು. ಇದೇ ಆರ್ಟ್ ಡೇವಿಸ್ ಮುಂದೆ ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ನೇಮಕಾತಿಯಲ್ಲಿ ವರ್ಣಭೇದ ನಡೆಯುತ್ತಿದೆಯೆಂದು ದೂರು ಸಲ್ಲಿಸಿದರೆಂಬುದು ಆ ಕಾಲದ ಗಾಳಿ ಎಂಥದೆಂದು ತಿಳಿಸುತ್ತದೆ. ಅಂಥ ದಿನಗಳಲ್ಲಿ ಇಪ್ಪತ್ತಾರು ವಯಸ್ಸಿನ ಕಂಟ್ರಿ ವಾದಕನೊಬ್ಬ ತನ್ನ ವಿಚಿತ್ರ ಪೀಠವನ್ನು ನ್ಯೂಯಾರ್ಕಿಗೆ ಹೊತ್ತು ತಂದು ಈ ನಾಲ್ವರ ನಡುವೆ ಕುಳಿತನು.

ಹಾಡುಗಳ ಆಯ್ಕೆಯೇ ಆ ಅತಿಥಿಯ ಮನಸ್ಸನ್ನು ತೋರುತ್ತದೆ. 'ಎನಿ ಟೈಮ್' ಎಡ್ಡಿ ಆರ್ನಲ್ಡ್ ಅವರ ಕಂಠದಲ್ಲಿ 1948ರಲ್ಲಿ ಮನೆಮಾತಾದ ಕಂಟ್ರಿ ಗೀತೆ. ಅದನ್ನು ಎಮನ್ಸ್ ತವರಿನ ಬುತ್ತಿಯಂತೆ ತಂದರು. 'ಇಂಡಿಯಾನಾ' ಅವರ ಹುಟ್ಟುನಾಡಿನ ಹೆಸರನ್ನೇ ಹೊತ್ತ ಹಳೆಯ ಹಾಡು, ಜಾಝ್ ಕಲಾವಿದರಿಗೂ ಅಷ್ಟೇ ಪ್ರಿಯವಾದದ್ದು. 'ಬ್ಲೂಎಮನ್ಸ್' ಅವರ ಸ್ವಂತ ರಚನೆ. ಹೊರೇಸ್ ಸಿಲ್ವರ್ ಅವರ 'ದಿ ಪ್ರೀಚರ್', ಅಂದರೆ 'ಬೋಧಕ', ಕರಿಯ ಜನರ ಆಲಯಗಳ ಹಾಡುಗಾರಿಕೆಯ ಲಯವನ್ನು ಜಾಝ್‌ಗೆ ಮರಳಿ ತಂದ ರಚನೆ. ಇವುಗಳ ಜೊತೆಗೆ 'ಚೆರೋಕಿ' ಮತ್ತು ಸನ್ನಿ ರಾಲಿನ್ಸ್ ಅವರ 'ಓಲಿಯೊ'. ಈ ಕೊನೆಯ ಎರಡು ಜಾಝ್ ವಾದಕರ ಪರೀಕ್ಷಾ ಪ್ರಶ್ನೆಪತ್ರಿಕೆಗಳೇ ಸರಿ. 'ಚೆರೋಕಿ'ಯ ಕಾರ್ಡುಗಳ ಜಾಡಿನಲ್ಲಿಯೇ ಚಾರ್ಲಿ ಪಾರ್ಕರ್ 1945ರಲ್ಲಿ ತಮ್ಮ ಪ್ರಸಿದ್ಧ 'ಕೊಕೊ'ವನ್ನು ಕಟ್ಟಿದ್ದರು.

ಎಮನ್ಸ್ ಇಲ್ಲಿ ನೆಚ್ಚಿಕೊಂಡದ್ದು ಸಿ-ಸಿಕ್ಸ್ತ್ ಎಂಬ ಶ್ರುತಿಯನ್ನು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ, ಗ, ಪ, ದ ಎಂಬ ಸ್ವರಗಳೇ ಅದರ ತಿರುಳು. ಕಂಟ್ರಿಯ ಅಳುವಿಗೆ ಒದಗುವ ಇನ್ನೊಂದು ಶ್ರುತಿಗಿಂತ ಇದು ಮಂದ್ರವಾದುದು, ತುಂಬಿದ ದನಿಯದು. ಜಾಝ್ ಬೇಡುವ ದಟ್ಟವಾದ ಕಾರ್ಡುಗಳು ಇದರಲ್ಲಿ ಸಲಾಕೆಯ ಒಂದೇ ಗೆರೆಯ ಮೇಲೆ ಹೆಚ್ಚು ಸಹಜವಾಗಿ ಸಿಕ್ಕುತ್ತವೆ. ಒಂದು ಮೇಳದ ಹಲವು ತುತ್ತೂರಿಗಳು ಒಮ್ಮೆಗೇ ಉಸಿರೆಳೆದಂತೆ ಆ ಕಾರ್ಡುಗಳು ಕೇಳಿಸುತ್ತವೆ.

'ಓಲಿಯೊ'ದಂಥ ರಚನೆಗಳಲ್ಲಿ ಮೆಚ್ಚಬೇಕಾದದ್ದು ಅವರ ಸ್ಪಷ್ಟತೆ. ಸ್ಯಾಕ್ಸೊಫೋನಿನ ಪಕ್ಕದಲ್ಲಿ ನಿಂತರೂ ತಂತಿಯ ಮಾತು ತೊದಲುವುದಿಲ್ಲ. ಸ್ವರಗಳು ಒಂದನ್ನೊಂದು ಮೆಟ್ಟುವುದಿಲ್ಲ. 'ಈ ವಾದ್ಯಕ್ಕೆ ಇದು ಆಗದು' ಎಂದವರಿಗೆ ವಾದ ಹೂಡದೆ ನುಡಿಸಿ ತೋರಿಸಿದ್ದಾರೆ. ಇನ್ನೊಂದು ಗುಣ, ವಿನಯ. ಮುದ್ರಿಕೆ ತಮ್ಮ ಹೆಸರಿನದಾದರೂ ರಿಚರ್ಡ್‌ಸನ್ ಮತ್ತು ಸ್ಕಾಟ್ ಅವರಿಗೆ ಅವರು ಧಾರಾಳವಾಗಿ ಎಡೆ ಕೊಡುತ್ತಾರೆ. ಇತರರು ಮಾತನಾಡುವಾಗ ಕೇಳಿಸಿಕೊಳ್ಳುವುದೂ ನಿಲ್ಲಿಸುವ ವಿದ್ಯೆಯ ಭಾಗವೇ ಅಲ್ಲವೆ? ಅತಿಥಿಯು ಮನೆಯವರ ರೀತಿನೀತಿಗಳನ್ನು ಕಲಿತು, ಅವರ ಭಾಷೆಯಲ್ಲೇ, ತಪ್ಪಿಲ್ಲದೆ ಮಾತನಾಡಿದ್ದಾನೆ.

ತಪ್ಪಿಲ್ಲದ ಮಾತಿನ ಕೊರತೆ

ನನ್ನ ಆಕ್ಷೇಪಣೆಯೂ ಇಲ್ಲಿಂದಲೇ ಹುಟ್ಟುತ್ತದೆ. ಈ ಮುದ್ರಿಕೆಯನ್ನು ಮರಳಿ ಮರಳಿ ಕೇಳಿದಾಗ, ಅತಿಥಿ ತುಸು ಹೆಚ್ಚೇ ಎಚ್ಚರದಿಂದ ಇದ್ದಾನೆ ಅನ್ನಿಸುತ್ತದೆ. ವೇಗದ ರಚನೆಗಳಲ್ಲಿ ಅವರ ವಾದನ ಎಷ್ಟು ಬಿಡಿಬಿಡಿಯಾಗಿದೆಯೆಂದರೆ, ಕಣ್ಣು ಮುಚ್ಚಿ ಕೇಳಿದವರು ಇದನ್ನು ಸಾಮಾನ್ಯ ಗಿಟಾರೆಂದೇ ಭಾವಿಸಿಯಾರು. ತಾನು ಜಾರಬಲ್ಲೆ ಎಂಬುದನ್ನು ವಾದ್ಯ ಮುಚ್ಚಿಟ್ಟುಕೊಂಡಿದೆ. ಹಳ್ಳಿಯಿಂದ ಪಟ್ಟಣಕ್ಕೆ ಬಂದ ಹುಡುಗ ತನ್ನ ಊರಿನ ಮಾತಿನ ಧಾಟಿ ಎಲ್ಲಿ ಹೊರಬೀಳುತ್ತದೆಯೋ ಎಂದು ತುಟಿ ಬಿಗಿಹಿಡಿದು ಮಾತನಾಡುವಂತೆ ಇದು. ತಪ್ಪೇನೂ ಇಲ್ಲ, ಆದರೆ ಆ ಧಾಟಿಯಲ್ಲಿ ಮಾತ್ರ ಹೇಳಬಹುದಾಗಿದ್ದ ಯಾವುದೋ ಒಂದು ಹೇಳದೆ ಉಳಿದಿದೆ.

ಇದಕ್ಕೆ ವ್ಯತಿರಿಕ್ತವಾಗಿ 'ವೇರ್ ಆರ್ ವೆನ್' ಎಂಬ 1937ರ ಪ್ರೇಮಗೀತೆಯಂಥ, ರಾಗವೇ ಪ್ರಧಾನವಾದ ಕಡೆಗಳಲ್ಲಿ ವಾದ್ಯ ತನ್ನ ನಿಜವಾದ ಮುಖವನ್ನು ತೋರುತ್ತದೆ. ಅಲ್ಲಿ ದೀರ್ಘಸ್ವರ ಬೆಳೆಯುತ್ತದೆ, ಕಾರ್ಡು ಹೂವಿನಂತೆ ಬಿರಿಯುತ್ತದೆ. ಪಿಯಾನೋದಿಂದಾಗಲಿ ಸ್ಯಾಕ್ಸೊಫೋನಿನಿಂದಾಗಲಿ ದೊರಕದ ಒಂದು ಬಣ್ಣ ಮೇಳಕ್ಕೆ ಸೇರುತ್ತದೆ. ಮುದ್ರಿಕೆಯ ಶಾಶ್ವತ ಬೆಲೆ ಇರುವುದು ಅದರ ಸಾಹಸದ ಓಟಗಳಲ್ಲಿ ಎಂದು ಹಲವರು ಹೇಳಿಯಾರು. ಈ ನಿಧಾನದ ಕಡೆಗಳಲ್ಲೇ ಅದು ಹೆಚ್ಚು ಇದೆಯೆಂದು ನನ್ನ ಅಭಿಪ್ರಾಯ. ಎಮನ್ಸ್ ಅವರೂ ಅಲ್ಲಿಗೇ ನಿಲ್ಲಲಿಲ್ಲ. 1978ರಲ್ಲಿ ಕೆನಡಾದ ಗಿಟಾರ್ ವಾದಕ ಲೆನ್ನಿ ಬ್ರೋ ಅವರೊಡನೆ ಮಾಡಿದ 'ಮೈನರ್ಸ್ ಅಲೌಡ್' ಮುದ್ರಿಕೆಯಲ್ಲಿ, ಪರೀಕ್ಷೆ ಮುಗಿದ ವಿದ್ಯಾರ್ಥಿಯ ನಿರಾಳತೆ ಕೇಳಿಸುತ್ತದೆ. ಆದರೂ ಜಾಝ್ ಲೋಕ ಅವರನ್ನು ತನ್ನ ಮನೆಯವರಲ್ಲಿ ಒಬ್ಬರೆಂದು ಎಣಿಸಲಿಲ್ಲ. 2015ರಲ್ಲಿ ಅವರು ತೀರಿಕೊಂಡಾಗ ಕಂಟ್ರಿ ಸಂಗೀತವೇ ಅವರನ್ನು ತನ್ನವರೆಂದು ನೆನೆಯಿತು.

ಆಲಯದೊಳಗಿನ ಸ್ಟೀಲ್

ಜಾಝ್ ವೇದಿಕೆಯಲ್ಲಿ ಅಂಜುತ್ತಿದ್ದ ಈ ಜಾರು, ಅದೇ ಅಮೆರಿಕದ ಮತ್ತೊಂದು ಮೂಲೆಯಲ್ಲಿ ನಾಚಿಕೆಯಿಲ್ಲದೆ ಮೊಳಗುತ್ತಿತ್ತು. 'ಹೌಸ್ ಆಫ್ ಗಾಡ್' ಎಂಬ ಪೆಂತೆಕೋಸ್ತ್ ಸಭೆಯ ಕರಿಯ ವಿಶ್ವಾಸಿಗಳು 1930ರ ದಶಕದ ಕೊನೆಯಿಂದ ಸ್ಟೀಲ್ ಗಿಟಾರನ್ನು ಆರಾಧನೆಯ ಮುಖ್ಯ ವಾದ್ಯವನ್ನಾಗಿ ಮಾಡಿಕೊಂಡಿದ್ದರು. ಬೇರೆ ಕಡೆ ಆರ್ಗನ್ ಮಾಡುವ ಕೆಲಸವನ್ನು ಅಲ್ಲಿ ಇದು ಮಾಡಿತು. ಟ್ರೋಮನ್ ಈಸನ್ ಮತ್ತು ಅವರ ತಮ್ಮ ವಿಲ್ಲಿ ಈಸನ್ ಈ ಪರಂಪರೆಯ ಮೊದಲಿಗರು. ವಿಲ್ಲಿಯ ಕೈಯಲ್ಲಿ ತಂತಿ ಹಾಡುತ್ತಿರಲಿಲ್ಲ, ಮಾತನಾಡುತ್ತಿತ್ತು ಎನ್ನುತ್ತಾರೆ: ಬೋಧಕನು ಒಂದು ಮಾತು ಹೇಳಿದರೆ ಗಿಟಾರು ಅದನ್ನು ಮನುಷ್ಯಕಂಠದ ಏರಿಳಿತದಲ್ಲೇ ಮರುನುಡಿಯುತ್ತಿತ್ತು. 1970ರ ದಶಕದಲ್ಲಿ ಚಕ್ ಕ್ಯಾಂಬೆಲ್ ಅವರಂಥವರು ಪೆಡಲುಗಳನ್ನೂ ತಂದರು. ಸಭೆಯ ಹೊರಗಿನವರಿಗೆ ಇದು ವ್ಯಾಪಕವಾಗಿ ತಿಳಿದದ್ದು 1990ರ ದಶಕದಲ್ಲಿ ಅದರ ಮುದ್ರಿಕೆಗಳು ಹೊರಬಂದ ಮೇಲೆಯೇ.

ಆ ಆಲಯಗಳಲ್ಲಿ ಈ ದನಿ ದುಃಖವನ್ನೂ ಹೇಳಿತು, ಸಂತೋಷವನ್ನೂ ಹೇಳಿತು. ಮಂದಿಯನ್ನು ಎಬ್ಬಿಸಿ ಕುಣಿಸಿತು. ಅಂದರೆ ಅಳುವೇ ಇದರ ಹಣೆಬರಹ ಎಂಬುದು ವಾದ್ಯದ ಸ್ವಭಾವದಿಂದ ಬಂದ ಮಾತಲ್ಲ, ಕೇಳುಗರ ಅಭ್ಯಾಸದಿಂದ ಬಂದದ್ದು. 2001ರಲ್ಲಿ ಜಾಝ್ ಆರ್ಗನ್ ವಾದಕ ಜಾನ್ ಮೆಡೆಸ್ಕಿ ಮತ್ತು ಸಂಗಡಿಗರು ಈ ಸಭೆಯಲ್ಲೇ ಬೆಳೆದ ತರುಣ ರಾಬರ್ಟ್ ರಾಂಡಾಲ್ಫ್ ಅವರನ್ನು ಕರೆದು 'ದಿ ವರ್ಡ್' ಎಂಬ ಮುದ್ರಿಕೆಯನ್ನು ಹೊರತಂದರು. ಅಲ್ಲಿ ಸ್ಟೀಲ್ ತನ್ನ ಧಾಟಿಯನ್ನು ಅಡಗಿಸಿಕೊಳ್ಳಬೇಕಾಗಲಿಲ್ಲ.

ಅಂಜಿಕೆ ಕಳೆದ ಮೇಲೆ

ಅಷ್ಟರಲ್ಲಿ ಜಾಝ್ ಮನೆಯ ಬಾಗಿಲೂ ಅಗಲವಾಗುತ್ತಿತ್ತು. 1998ರಲ್ಲಿ ಡ್ರಮ್ಸ್ ವಾದಕ ಬ್ರಯನ್ ಬ್ಲೇಡ್ ತಮ್ಮ 'ಫೆಲೋಶಿಪ್' ಮೇಳದ ಮೊದಲ ಮುದ್ರಿಕೆಯಲ್ಲಿ ನ್ಯೂ ಆರ್ಲಿಯನ್ಸಿನ ಡೇವ್ ಈಸ್ಲಿ ಅವರ ಪೆಡಲ್ ಸ್ಟೀಲಿಗೆ ಸ್ಥಾನ ಕೊಟ್ಟರು. ಬ್ಲೇಡ್ ಲೂಯಿಸಿಯಾನಾ ರಾಜ್ಯದ ಶ್ರೀವ್‌ಪೋರ್ಟಿನ ಬ್ಯಾಪ್ಟಿಸ್ಟ್ ಸಭಾಪಾಲಕರೊಬ್ಬರ ಮಗ. ಆಲಯದ ಹಾಡುಗಾರಿಕೆಗೆ ತಾಳ ಹಿಡಿದು ಬೆಳೆದವರು. ಅಲ್ಲಿ ಈಸ್ಲಿ ವೇಗದ ಸ್ಪರ್ಧೆಗೆ ಇಳಿಯುವುದಿಲ್ಲ. ಸ್ಯಾಕ್ಸೊಫೋನುಗಳ ಹಿಂದೆ ಮುಂಜಾನೆಯ ಮಂಜಿನಂತೆ ಹರಡಿಕೊಂಡು, ಬೇಕಾದಾಗ ಮಾತ್ರ ಮುಂದೆ ಬರುತ್ತಾರೆ. ಯಾರಿಗೂ ಏನನ್ನೂ ರುಜುವಾತು ಮಾಡಬೇಕಿಲ್ಲದ ನೆಮ್ಮದಿ ಅದು.

2016ರ 'ಐ ಲಾಂಗ್ ಟು ಸೀ ಯು' ಎಂಬ ಮುದ್ರಿಕೆಯಲ್ಲಿ ಹಿರಿಯ ಸ್ಯಾಕ್ಸೊಫೋನ್ ವಾದಕ ಚಾರ್ಲ್ಸ್ ಲಾಯ್ಡ್ ಅವರೊಡನೆ ಸ್ಟೀಲ್ ನುಡಿಸಿದವರು ಗ್ರೆಗ್ ಲೀಸ್. ಅದರಲ್ಲಿ ನಮ್ಮ ಕುಟುಂಬಗಳಿಗೆ ಪರಿಚಿತವಾದ 'ಅಬೈಡ್ ವಿತ್ ಮಿ' ಗೀತೆಯ ಪುಟ್ಟ ನಿರೂಪಣೆಯಿದೆ. ಹೆನ್ರಿ ಫ್ರಾನ್ಸಿಸ್ ಲೈಟ್ ಎಂಬ ಆಂಗ್ಲ ಸಭಾಪಾಲಕರು 1847ರಲ್ಲಿ, ತಮ್ಮ ಬಾಳಿನ ಕೊನೆಯ ತಿಂಗಳುಗಳಲ್ಲಿ ಪೂರ್ಣಗೊಳಿಸಿದ ಈ ಸಂಜೆಯ ಪ್ರಾರ್ಥನೆಯನ್ನು ದೆಹಲಿಯ ಗಣರಾಜ್ಯೋತ್ಸವದ ಸಮಾರೋಪದಲ್ಲಿ 2021ರವರೆಗೆ ಸೇನಾವಾದ್ಯಗಳು ನುಡಿಸುತ್ತಿದ್ದುದು ಅನೇಕರಿಗೆ ನೆನಪಿದೆ. ಜಾಝ್‌ಗೂ ಇದು ಹೊಸತಲ್ಲ. ಥೆಲೋನಿಯಸ್ ಮಂಕ್ 1957ರಲ್ಲಿಯೇ ಇದನ್ನು ತುತ್ತೂರಿಗಳಿಂದ ನುಡಿಸಿ ಮುದ್ರಿಸಿದ್ದರು. ಲಾಯ್ಡ್ ಅವರ ಮೇಳದಲ್ಲಿ ಯಾರೂ ರಾಗವನ್ನು ಬೆಳೆಸಲು ಹೋಗುವುದಿಲ್ಲ. ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುತ್ತಾರೆ. ಸ್ಟೀಲಿನ ದೀರ್ಘನಾದ ಅಲ್ಲಿ ಅಳುವಂತೆಯೂ ಇಲ್ಲ, ಅಳುವನ್ನು ಮರೆಮಾಚಿದಂತೆಯೂ ಇಲ್ಲ. ದೀಪ ಆರಿಸಿದ ಮೇಲೂ ಕೋಣೆಯಲ್ಲಿ ಉಳಿದ ಬೆಳಕಿನಂತಿದೆ.

ಕೊನೆಯದಾಗಿ ಸೂಸನ್ ಆಲ್ಕಾರ್ನ್ ಅವರ ಹೆಸರನ್ನು ಹೇಳಲೇಬೇಕು. ಟೆಕ್ಸಸಿನ ಕಂಟ್ರಿ ಮೇಳಗಳಲ್ಲಿ ವರ್ಷಗಟ್ಟಲೆ ದುಡಿದ ಈ ಮಹಿಳೆ, ಒಂದು ಸಂಜೆ ಕಾರ್ಯಕ್ರಮಕ್ಕೆಂದು ಕಾರಿನಲ್ಲಿ ಹೋಗುತ್ತಿದ್ದಾಗ ರೇಡಿಯೋದಲ್ಲಿ ಫ್ರಾನ್ಸಿನ ಒಲಿವಿಯೆ ಮೆಸಿಯಾನ್ ಅವರ ಕೃತಿಯೊಂದನ್ನು ಕೇಳಿ, ಮುಂದೆ ಹೋಗಲಾರದೆ ದಾರಿಬದಿಯಲ್ಲಿ ಕಾರು ನಿಲ್ಲಿಸಿದ ಪ್ರಸಂಗವನ್ನು ತಾವೇ ಹೇಳಿಕೊಂಡಿದ್ದಾರೆ. ಮೆಸಿಯಾನ್ ಪ್ಯಾರಿಸಿನ ತ್ರಿತ್ವದ ಆಲಯದಲ್ಲಿ ದಶಕಗಟ್ಟಲೆ ಆರ್ಗನ್ ನುಡಿಸಿದ ಭಕ್ತ ಕಥೋಲಿಕರು. ಎರಡು ಮಹಾಯುದ್ಧಗಳಲ್ಲಿ ಮಡಿದವರ ನೆನಪಿಗೆಂದು 1964ರಲ್ಲಿ ರಚಿಸಿದ ಆ ಕೃತಿಗೆ ಅವರು, ಸತ್ತವರ ಪುನರುತ್ಥಾನವನ್ನು ನಿರೀಕ್ಷಿಸುತ್ತೇನೆಂಬ ವಿಶ್ವಾಸ ಪ್ರಮಾಣದ ಲತೀನ್ ಮಾತನ್ನೇ ಹೆಸರಾಗಿ ಇಟ್ಟಿದ್ದರು. ಆಲ್ಕಾರ್ನ್ ಮುಂದೆ ತಮ್ಮದೊಂದು ಮುದ್ರಿಕೆಗೆ 'ಪೆಡಲ್ ಸ್ಟೀಲ್ ಗಿಟಾರಿನ ಪುನರುತ್ಥಾನವನ್ನು ಎದುರುನೋಡುತ್ತೇನೆ' ಎಂಬರ್ಥದ ಹೆಸರಿಟ್ಟರು. ಬಳಿಕ ಗಿಟಾರ್ ವಾದಕಿ ಮೇರಿ ಹಾಲ್ವರ್ಸನ್ ಅವರಂಥ ಹೊಸ ತಲೆಮಾರಿನ ಜಾಝ್ ಕಲಾವಿದರ ಸಮಾನ ಸಂಗಾತಿಯಾದರು. 2020ರಲ್ಲಿ ತಮ್ಮದೇ ಐವರ ಮೇಳದೊಡನೆ 'ಪೆಡರ್ನಾಲ್' ಎಂಬ ಮುದ್ರಿಕೆಯನ್ನು ಕೊಟ್ಟರು. ಅದರಲ್ಲಿ ಕಂಟ್ರಿಯ ಜಾರೂ ಇದೆ, ಬಿಡಿಸ್ವರಗಳ ಚುರುಕೂ ಇದೆ, ಇವೆರಡರ ನಡುವೆ ಬಹಳ ಹೊತ್ತಿನ ಮೌನವೂ ಇದೆ. 2025ರ ಜನವರಿಯಲ್ಲಿ ಅವರು ನಿಧನರಾದರು.

ಎಮನ್ಸ್ ಅವರ ಮುದ್ರಿಕೆಗೆ ಮರಳೋಣ. ಈಸ್ಲಿ, ಲೀಸ್, ಆಲ್ಕಾರ್ನ್ ಇವರನ್ನು ಕೇಳಿದ ಮೇಲೆ 1963ರ ಆ ಎಚ್ಚರದ ವಾದನ ಸ್ವಲ್ಪ ಮುಗ್ಧವಾಗಿ ಕೇಳಿಸಬಹುದು. ಹಾಗೆಂದು ಅದನ್ನು ಹಗುರವಾಗಿ ಕಾಣುವುದು ಕೃತಘ್ನತೆಯಾದೀತು. ನಾದವನ್ನು ನಿಲ್ಲಿಸಲು ಕಲಿತ ಕೈಗೆ ಮಾತ್ರ ಅದನ್ನು ಎಲ್ಲಿಯವರೆಗೆ ಹರಿಯಬಿಡಬೇಕೆಂಬುದು ತಿಳಿಯುತ್ತದೆ. ಮೊದಲನೆಯ ಪಾಠವನ್ನು ಎಮನ್ಸ್ ಒಬ್ಬಂಟಿಯಾಗಿ, ಪರರ ಮನೆಯಲ್ಲಿ, ಎಲ್ಲರೂ ನೋಡುತ್ತಿರುವಾಗ ಕಲಿತು ಒಪ್ಪಿಸಿದ್ದರಿಂದ, ಅವರ ನಂತರ ಬಂದವರು ಎರಡನೆಯದನ್ನು ನಿರ್ಭಯವಾಗಿ ಕಲಿಯುವಂತಾಯಿತು.

ಮುಂದಿನ ಭಾನುವಾರ ಗಾನವೃಂದದ ಹುಡುಗ ಗಿಟಾರಿನ ತಂತಿಗಳ ಮೇಲೆ ಅಂಗೈಯಿಟ್ಟು ಗೀತೆಯನ್ನು ಮುಗಿಸುವ ಕ್ಷಣವನ್ನು ತುಸು ಗಮನವಿಟ್ಟು ಕೇಳಿರಿ. ಬಿಡುವು ದೊರೆತಾಗ ಲಾಯ್ಡ್ ಅವರ ಮೇಳದ 'ಅಬೈಡ್ ವಿತ್ ಮಿ' ಗೀತೆಯನ್ನೂ, ಅದರ ಬೆನ್ನಲ್ಲೇ ಎಮನ್ಸ್ ಅವರ 'ವೇರ್ ಆರ್ ವೆನ್' ಅನ್ನೂ ಮಕ್ಕಳೊಡನೆ ಕುಳಿತು ಕೇಳಿರಿ. ಯಾವ ಸ್ವರ ಎಲ್ಲಿ ನಿಂತಿತು ಎಂದು ಅವರನ್ನೇ ಕೇಳಿ ನೋಡಿರಿ.